ಸ್ಟೀರಿಯೊ ಎಕೋ ಕ್ಯಾನ್ಸಲರ್: ಆ ಕಡೆ ಮಾತಾಡುವವರು ಬದಲಾದ ಕೂಡಲೇ ಎಕೋ ಮರಳುವುದೇಕೆ?

ಮಾರ್ದನಿ

ಆ ಕಡೆಯವರ ದನಿ ನಮ್ಮ ಸ್ಪೀಕರಿನಿಂದ ಮೈಕ್‌ಗೆ ಹೊಕ್ಕು ಅವರಿಗೇ ಮರಳದಂತೆ ಕಳೆದುಹಾಕುವ ಎಕೋ ಕ್ಯಾನ್ಸಲರ್ ನಮ್ಮದು. ವ್ಯವಸ್ಥೆ ಹೀಗಿದೆ. ಎರಡು ಸ್ಪೀಕರ್, ಎರಡು ಮೈಕ್, 16 ಕಿಲೋಹರ್ಟ್ಸ್ ಸ್ಯಾಂಪ್ಲಿಂಗ್. ಪ್ರತಿ ಮೈಕ್‌ಗೆ ಎಡ ರೆಫರೆನ್ಸಿಗೊಂದು, ಬಲ ರೆಫರೆನ್ಸಿಗೊಂದು ಫಿಲ್ಟರ್, ಒಟ್ಟು ನಾಲ್ಕು (ರೆಫರೆನ್ಸ್ ಎಂದರೆ ಸ್ಪೀಕರಿಗೆ ಹೋಗುವ ಸಿಗ್ನಲಿನ ಪ್ರತಿ). ಒಂದೊಂದಕ್ಕೂ 2048 ಟ್ಯಾಪ್ (ಫಿಲ್ಟರಿನ ಗುಣಾಂಕ), ಅಂದರೆ 128 ಮಿಲಿಸೆಕೆಂಡ್. ಅಲ್ಗಾರಿದಮ್ ಎನ್‌ಎಲ್‌ಎಂಎಸ್ (ಕಳೆದ ಮೇಲೆ ಉಳಿಯುವ ಎರರ್ ನೋಡಿ ಫಿಲ್ಟರನ್ನು ಹೆಜ್ಜೆಹೆಜ್ಜೆಯಾಗಿ ತಿದ್ದುವ ವಿಧಾನ), ಹೆಜ್ಜೆಯ ಗಾತ್ರ ಮ್ಯೂ 0.5.

ಆ ಕಡೆಯ ಕೋಣೆಯಲ್ಲಿ ಒಬ್ಬರೇ ಮಾತಾಡುತ್ತಿರುವಷ್ಟು ಹೊತ್ತು ಇಆರ್‌ಎಲ್‌ಇ (ಎಕೋ ಎಷ್ಟು ತಗ್ಗಿತು ಎಂಬ ಅಳತೆ) 25 ಡಿಬಿ ದಾಟುತ್ತದೆ. ಮೇಜಿನ ಇನ್ನೊಂದು ತುದಿಯವರು ಮಾತು ಶುರು ಮಾಡಿದ ಕ್ಷಣವೇ ಎಕೋ ಪೂರ್ತಿ ವಾಪಸ್. ಒಂದೆರಡು ಸೆಕೆಂಡ್ ಆದ ಮೇಲೆ ಮತ್ತೆ ಸರಿಹೋಗುತ್ತದೆ. ಈ ಕಡೆಯ ಕೋಣೆಯಲ್ಲಿ ಕುರ್ಚಿಯೂ ಅಲುಗಿಲ್ಲ. ಮಾನೋಗೆ ಇಳಿಸಿದರೆ ಇದೇ ಕೋಡ್ ಚೆನ್ನಾಗಿ ಓಡುತ್ತದೆ. ಟ್ಯಾಪ್ 4096ಕ್ಕೆ ಏರಿಸಿದರೂ ಲಾಭವಾಗಲಿಲ್ಲ. ದೋಷ ಕೋಡಿನಲ್ಲಿದೆಯೋ, ವಿಧಾನದಲ್ಲಿದೆಯೋ?

ದಶಾಂಶ

ವಿಧಾನದಲ್ಲಿದೆ. ಸ್ಟೀರಿಯೊ ಎಕೋ ರದ್ದತಿಯ ಮೂಲ ಸಮಸ್ಯೆಯೇ ಇದು. ಉತ್ತರ ಒಂದೇ ಅಲ್ಲ, ಎಣಿಕೆಯಿಲ್ಲದಷ್ಟು ಉತ್ತರಗಳಿವೆ, ನಿಮ್ಮ ಫಿಲ್ಟರ್ ಅವುಗಳಲ್ಲಿ ಒಂದನ್ನು ಹಿಡಿದುಕೊಂಡಿದೆ. 1995ರಲ್ಲಿ ಸೊಂಧಿ, ಮಾರ್ಗನ್, ಹಾಲ್ ಬರೆದ ಚಿಕ್ಕ ಲೇಖನ ಇದನ್ನು ಸ್ಪಷ್ಟವಾಗಿ ಇಟ್ಟಿತು.

ಆ ಕಡೆ ಒಬ್ಬರೇ ಮಾತಾಡುವಾಗ ಎಡ ಮತ್ತು ಬಲ ಚಾನೆಲ್ ಎರಡೂ ಒಂದೇ ಧ್ವನಿಯಿಂದ ಹುಟ್ಟಿದವು. ವ್ಯತ್ಯಾಸ ಆ ಕೋಣೆಯ ಎರಡು ದಾರಿಗಳದ್ದು ಮಾತ್ರ. ಹಾಗಾಗಿ ಒಂದು ಚಾನೆಲ್ ಇನ್ನೊಂದರಿಂದ ಲೆಕ್ಕ ಹಾಕಿ ತೆಗೆಯಬಹುದಾದ ಸಿಗ್ನಲ್ ಆಗುತ್ತದೆ. ನಿಮ್ಮ ಮೈಕ್ ಕೇಳುವುದು ಎಡ ದಾರಿ ಮತ್ತು ಬಲ ದಾರಿ ಕೂಡಿದ ಒಂದು ಮೊತ್ತವನ್ನು. ಮೊತ್ತ ಸರಿಹೊಂದಿದರೆ ಎರರ್ ಸೊನ್ನೆಯಾಗುತ್ತದೆ. ಆ ಮೊತ್ತದಲ್ಲಿ ಯಾರ ಪಾಲೆಷ್ಟು ಎಂದು ಎರರ್ ಹೇಳುವುದಿಲ್ಲ.

ಒಂದೇ ಟ್ಯಾಪಿನ ಲೆಕ್ಕ ಮಾಡಿ ನೋಡಿ. ಎಡ ಸ್ಪೀಕರಿನಿಂದ ಮೈಕ್‌ಗೆ ನಿಜವಾದ ದಾರಿ 1.0, ಬಲದ್ದು −0.5. ಮಾತಾಡುವವರು ಎಡಕ್ಕೆ ಹತ್ತಿರ ಇದ್ದಾರೆ: ಎಡ ಚಾನೆಲ್‌ಗೆ 0.8, ಬಲಕ್ಕೆ 0.6. ಮೈಕ್‌ಗೆ ಬರುವುದು 0.8 × 1.0 − 0.6 × 0.5 = 0.5. ಸೊನ್ನೆಯಿಂದ ಹೊರಟ ಎನ್‌ಎಲ್‌ಎಂಎಸ್ ಚಾನೆಲ್‌ಗಳ ಮಟ್ಟಕ್ಕೆ ತಕ್ಕಂತೆ ತಿದ್ದುಪಡಿ ಹಂಚುವುದರಿಂದ ಎಡಕ್ಕೆ 0.4, ಬಲಕ್ಕೆ 0.3 ಎಂಬಲ್ಲಿ ನಿಲ್ಲುತ್ತದೆ. ಪರೀಕ್ಷಿಸಿ: 0.8 × 0.4 + 0.6 × 0.3 = 0.5. ಎರರ್ ಸೊನ್ನೆ, ಇಆರ್‌ಎಲ್‌ಇ ಬೇಕಾದಷ್ಟು. ಫಿಲ್ಟರ್ ಮಾತ್ರ ನಿಜದ ಹತ್ತಿರವೂ ಇಲ್ಲ. ಬಲದ ಚಿಹ್ನೆಯೇ ತಪ್ಪು.

ಈಗ ಇನ್ನೊಬ್ಬರು ಮಾತಾಡಲಿ, 0.6 ಮತ್ತು 0.8. ನಿಜವಾದ ಎಕೋ 0.6 − 0.4 = 0.2. ನಿಮ್ಮ ಫಿಲ್ಟರ್ ಊಹಿಸುವುದು 0.24 + 0.24 = 0.48. ಉಳಿಯುವ ಎರರ್ 0.28, ಮೂಲ ಎಕೋಗಿಂತ ಸುಮಾರು 3 ಡಿಬಿ ಜೋರು. ಕ್ಯಾನ್ಸಲರ್ ಆಫ್ ಮಾಡಿದ್ದರೆ ಇದಕ್ಕಿಂತ ವಾಸಿ.

ಆದ್ದರಿಂದ ಸ್ಟೀರಿಯೊದಲ್ಲಿ ಇಆರ್‌ಎಲ್‌ಇ ಒಂದನ್ನೇ ನೋಡಿ ಕೆಲಸ ಮುಗಿಯಿತು ಎನ್ನಬೇಡಿ. ನೋಡಬೇಕಾದದ್ದು ಮಿಸ್‌ಅಲೈನ್‌ಮೆಂಟ್: ನಿಜವಾದ ದಾರಿಗೂ ಅಂದಾಜಿಗೂ ಇರುವ ಅಂತರದ ನಾರ್ಮ್ (ಒಟ್ಟು ಗಾತ್ರ), ನಿಜವಾದ ದಾರಿಯ ನಾರ್ಮಿಗೆ ಹೋಲಿಸಿ, ಡಿಬಿಯಲ್ಲಿ. ಮೇಲಿನ ಉದಾಹರಣೆಯಲ್ಲಿ ಅದು ಬರೀ −1 ಡಿಬಿ. ಅಂದರೆ ಕಲಿತದ್ದು ಏನೂ ಇಲ್ಲ.

ಟ್ಯಾಪ್ ಏರಿಸಿದರೆ ಯಾಕೆ ಪ್ರಯೋಜನವಾಗಲಿಲ್ಲ ಎಂಬುದಕ್ಕೂ ಇಲ್ಲೇ ಉತ್ತರವಿದೆ. ನಿಜವಾದ ಕೋಣೆಗಳಲ್ಲಿ ಸಮೀಕರಣ ಪೂರ್ತಿ ಕುಸಿಯದೆ ನಿಲ್ಲುವುದು ಆ ಕಡೆಯ ಕೋಣೆಯ ಅನುರಣನದ ಬಾಲ ನಿಮ್ಮ ಫಿಲ್ಟರಿಗಿಂತ ಉದ್ದ ಇರುವುದರಿಂದ. ಫಿಲ್ಟರ್ ಉದ್ದ ಮಾಡಿದಷ್ಟೂ ಆ ಸಣ್ಣ ಆಸರೆಯೂ ಕಡಿಮೆಯಾಗುತ್ತದೆ.

ಮಾರ್ದನಿ

ಲೆಕ್ಕ ಸ್ಪಷ್ಟವಾಯಿತು. ನಮ್ಮಲ್ಲಿ ಇದೇ ಆಗುತ್ತಿದೆ ಎಂದು ಖಚಿತ ಮಾಡಿಕೊಳ್ಳುವುದು ಹೇಗೆ? ಕ್ಲಾಕ್ ಅಥವಾ ಬಫರ್ ದೋಷವೂ ಹೊರಗಿನಿಂದ ಹೀಗೇ ಕಾಣಬಹುದಲ್ಲವೇ?

ದಶಾಂಶ

ಲೈವ್ ಸಿಸ್ಟಂನಲ್ಲಿ ಹುಡುಕಬೇಡಿ, ಕಡತಗಳ ಮೇಲೆ ಮಾಡಿ. ಮೊದಲು ಒಂದೊಂದೇ ಸ್ಪೀಕರಿನಲ್ಲಿ ಘಾತೀಯ ಸೈನ್ ಸ್ವೀಪ್ (ಕೆಳಗಿನ ಆವರ್ತನದಿಂದ ಮೇಲಕ್ಕೆ ಏರುವ ಸ್ವರ) ನುಡಿಸಿ, ಪ್ರತಿ ಮೈಕ್‌ಗೆ ಎರಡೂ ದಾರಿಗಳ ಇಂಪಲ್ಸ್ ರೆಸ್ಪಾನ್ಸ್ (ಕ್ಷಣಮಾತ್ರದ ಸದ್ದಿಗೆ ಆ ದಾರಿ ಕೊಡುವ ಉತ್ತರ) ಅಳೆದಿಡಿ. 10 ಸೆಕೆಂಡಿನ ಸ್ವೀಪ್ ಸಾಕು. ಆಮೇಲೆ ಒಂದು ಮಾನೋ ಧ್ವನಿ ಕಡತ ತೆಗೆದುಕೊಂಡು 0.8 ಮತ್ತು 0.6 ಎಂದು ಹಂಚಿ, 20 ಸೆಕೆಂಡ್ ಆದ ಮೇಲೆ ಹಂಚಿಕೆಯನ್ನು ತಿರುಗಿಸಿ. ಅಳೆದ ರೆಸ್ಪಾನ್ಸ್‌ಗಳಿಂದ ಎಕೋ ತಯಾರಿಸಿ ಕ್ಯಾನ್ಸಲರಿಗೆ ಕೊಡಿ. ಇಲ್ಲಿ ಕ್ಲಾಕೂ ಇಲ್ಲ, ಬಫರೂ ಇಲ್ಲ. 20ನೇ ಸೆಕೆಂಡಿಗೆ ಇಆರ್‌ಎಲ್‌ಇ ಧೊಪ್ಪನೆ ಬಿದ್ದರೆ ಸಂಶಯ ಉಳಿಯುವುದಿಲ್ಲ. ಎರಡನೇ ಸುತ್ತಿನಲ್ಲಿ ಎಡ–ಬಲಗಳಿಗೆ ಒಂದಕ್ಕೊಂದು ಸಂಬಂಧವಿಲ್ಲದ ಬಿಳಿ ಶಬ್ದ ಕೊಡಿ. ಆಗ ಮಿಸ್‌ಅಲೈನ್‌ಮೆಂಟ್ −20 ಡಿಬಿಗಿಂತ ಕೆಳಗೆ ಇಳಿಯಲೇಬೇಕು. ಇಳಿಯದಿದ್ದರೆ ಕೋಡಿನಲ್ಲೂ ತಪ್ಪಿದೆ.

ಗಡಿಯಾರಮುಳ್ಳು

ಲೈವ್‌ನಲ್ಲೂ ಲಕ್ಷಣ ನೋಡಿ ಬೇರ್ಪಡಿಸಬಹುದು.

ಮಾತಾಡುವವರು ಬದಲಾದಾಗ ಮಾತ್ರ ಬೀಳುತ್ತದೆ, ಎಲ್ಲ ಆವರ್ತನದಲ್ಲೂ ಒಟ್ಟಿಗೆ ಬೀಳುತ್ತದೆ ಎಂದರೆ ದಶಾಂಶ ಹೇಳಿದ ಸಮಸ್ಯೆ. ಯಾರು ಮಾತಾಡಿದರೂ ಸಂಬಂಧವಿಲ್ಲದೆ ಒಮ್ಮೆಲೇ ಬಿದ್ದು ಮತ್ತೆ ಕಲಿಯುತ್ತದೆ ಎಂದರೆ ಬಫರ್ ಜಿಗಿತ: 48 ಕಿಲೋಹರ್ಟ್ಸ್‌ನಲ್ಲಿ 480 ಸ್ಯಾಂಪಲ್‌ಗಳ ಒಂದು ಬಫರ್ ಕಳೆದುಹೋದರೆ 10 ಮಿಲಿಸೆಕೆಂಡ್ ಸರಿದಂತೆ, ಪ್ರತಿಯೊಂದು ಟ್ಯಾಪೂ ತಪ್ಪು ಜಾಗದಲ್ಲಿ. ಮೇಲಿನ ಆವರ್ತನಗಳು ಯಾವಾಗಲೂ ಸರಿಯಾಗಿ ರದ್ದಾಗುವುದಿಲ್ಲ, ಕೆಳಗಿನವು ಪರವಾಗಿಲ್ಲ ಎಂದರೆ ಕ್ಲಾಕ್ ಡ್ರಿಫ್ಟ್, ಅಂದರೆ ಎರಡು ಸಾಧನಗಳ ಗಡಿಯಾರ ಬೇರೆಬೇರೆ ಗತಿಯಲ್ಲಿ ಓಡುವುದು.

ಡ್ರಿಫ್ಟನ್ನು ಹಗುರವಾಗಿ ತೆಗೆದುಕೊಳ್ಳುವವರು ಬಹಳ. ಸ್ಪೀಕರ್ ಒಂದು ಯುಎಸ್‌ಬಿ ಸಾಧನ, ಮೈಕ್ ಇನ್ನೊಂದು ಎಂದರೆ ಎರಡು ಕ್ರಿಸ್ಟಲ್. ನಡುವೆ 50 ಪಿಪಿಎಂ (ಹತ್ತು ಲಕ್ಷಕ್ಕೆ 50) ವ್ಯತ್ಯಾಸ ಇದ್ದರೆ 48 ಕಿಲೋಹರ್ಟ್ಸ್‌ನಲ್ಲಿ ಸೆಕೆಂಡಿಗೆ 2.4 ಸ್ಯಾಂಪಲ್, 16 ಕಿಲೋಹರ್ಟ್ಸ್‌ನಲ್ಲಿ 0.8 ಸ್ಯಾಂಪಲ್ ಜಾರುತ್ತದೆ. 16 ಕಿಲೋಹರ್ಟ್ಸ್‌ನಲ್ಲಿ ಒಂದೇ ಸ್ಯಾಂಪಲ್ ಜಾರಿದರೆ 1 ಕಿಲೋಹರ್ಟ್ಸ್‌ಗೆ 22.5 ಡಿಗ್ರಿ ಫೇಸ್ ತಪ್ಪು, ಅಲ್ಲಿ ಸಿಗುವ ರದ್ದತಿ 8 ಡಿಬಿಗೆ ಸೀಮಿತ. 4 ಕಿಲೋಹರ್ಟ್ಸ್‌ಗೆ ಅದು 90 ಡಿಗ್ರಿ, ಅಲ್ಲಿ ಕ್ಯಾನ್ಸಲರ್ ಎಕೋವನ್ನು 3 ಡಿಬಿ ಹೆಚ್ಚಿಸುತ್ತದೆ. ಅಡಾಪ್ಟಿವ್ ಫಿಲ್ಟರ್ ಬೆನ್ನಟ್ಟುತ್ತದೆ ನಿಜ, ಆದರೆ ಬೆನ್ನಟ್ಟಲು ಮ್ಯೂ ದೊಡ್ಡದಿರಬೇಕು. ಸ್ಟೀರಿಯೊಗೆ ಬೇಕಾದ ನಿಧಾನದ, ನಿಖರ ಕಲಿಕೆಗೆ ಅದು ನೇರ ವಿರುದ್ಧ.

ಪರಿಹಾರ ಎರಡೇ. ಪ್ಲೇಬ್ಯಾಕ್, ಕ್ಯಾಪ್ಚರ್ ಎರಡೂ ಒಂದೇ ಕೋಡೆಕ್ ಚಿಪ್‌ನಿಂದ, ಒಂದೇ ಮಾಸ್ಟರ್ ಕ್ಲಾಕ್‌ನಿಂದ ನಡೆಯಬೇಕು. ಅದಾಗದಿದ್ದರೆ ಅಸಿಂಕ್ರೊನಸ್ ರೀಸ್ಯಾಂಪ್ಲರ್ (ಒಂದು ಕ್ಲಾಕಿನ ಸ್ಯಾಂಪಲ್‌ಗಳನ್ನು ಇನ್ನೊಂದರ ಗತಿಗೆ ಹೊಂದಿಸುವ ಹಂತ) ಹಾಕಿ, ವಿಳಂಬದ ಇಳಿಜಾರನ್ನು ಹತ್ತಾರು ಸೆಕೆಂಡ್ ಸರಾಸರಿ ಮಾಡಿ ಅನುಪಾತ ತಿದ್ದುತ್ತಿರಬೇಕು. ಅನುಪಾತವನ್ನು ಝಟ್ಟನೆ ಬದಲಿಸಬೇಡಿ, ಫಿಲ್ಟರಿಗೆ ಅದು ದಾರಿ ಬದಲಾದಂತೆಯೇ ಕಾಣುತ್ತದೆ.

ಎಡಕ್ಕೊಂದು, ಬಲಕ್ಕೊಂದು ಎಂದು ಬೇರೆಬೇರೆ ವೈರ್‌ಲೆಸ್ ಸ್ಪೀಕರ್ ಇಟ್ಟರೆ ಎರಡೂ ತಮ್ಮತಮ್ಮ ಗತಿಯಲ್ಲಿ ಜಾರುವ ಸಾಧ್ಯತೆ ಇರುತ್ತದೆ. ಆಗ ಒಂದು ರೀಸ್ಯಾಂಪ್ಲರ್ ಸಾಲದು, ಚಾನೆಲ್‌ಗೊಂದು ಬೇಕು.

ಒಳಕಿವಿ

ಮೂಲ ಸಮಸ್ಯೆಯ ಪರಿಹಾರಕ್ಕೆ ಬರುತ್ತೇನೆ. ಎರಡು ಚಾನೆಲ್‌ಗಳ ನಡುವಿನ ಕೊಹೆರೆನ್ಸ್ (ಒಂದಕ್ಕೊಂದು ಇರುವ ನಂಟು; ಪೂರ್ತಿ ಇದ್ದರೆ 1) ಮುರಿಯಬೇಕು, ಕಿವಿಗೆ ಗೊತ್ತಾಗಬಾರದು. ಮುರಿಯದೆ ಬರೀ ಅಲ್ಗಾರಿದಮ್ ಬದಲಿಸಿ ಗೆಲ್ಲಲು ಆಗುವುದಿಲ್ಲ, ಇಲ್ಲದ ಮಾಹಿತಿಯನ್ನು ಆರ್‌ಎಲ್‌ಎಸ್‌ನಂಥ ವೇಗವಾಗಿ ಕಲಿಯುವ ಅಲ್ಗಾರಿದಮ್ ಕೂಡ ಹುಟ್ಟಿಸಲಾರದು.

ಮಾತಿಗೆ ಅತ್ಯಂತ ಸರಳ ಉಪಾಯ 1998ರಲ್ಲಿ ಬೆನೆಸ್ಟಿ, ಮಾರ್ಗನ್, ಸೊಂಧಿ ಕೊಟ್ಟ ಅರ್ಧ ಅಲೆಯ ವಿಧಾನ. ಎಡ ಚಾನೆಲಿನಲ್ಲಿ ಧನ ಸ್ಯಾಂಪಲ್‌ಗಳನ್ನಷ್ಟೇ (1 + ಆಲ್ಫಾ) ಪಟ್ಟು ಮಾಡಿ, ಬಲ ಚಾನೆಲಿನಲ್ಲಿ ಋಣ ಸ್ಯಾಂಪಲ್‌ಗಳನ್ನಷ್ಟೇ. ಕೋಡಿನಲ್ಲಿ ಎರಡು ಸಾಲು. ಮಾತಿಗೆ ಆಲ್ಫಾ 0.5ರವರೆಗೂ ನಡೆಯುತ್ತದೆ. 0.3ರಿಂದ ಶುರು ಮಾಡಿ ಕೇಳಿ ನೋಡಿ.

ಮಾತಿನಲ್ಲಿ ಇದು ಯಾಕೆ ಅಡಗುತ್ತದೆ ಎಂದರೆ, ಹೊಸದಾಗಿ ಹುಟ್ಟುವುದು ಮುಖ್ಯವಾಗಿ ಸಮ ಹಾರ್ಮೋನಿಕ್‌ಗಳು. ಸ್ವರಗಳಲ್ಲಿ ಆ ಜಾಗಗಳಲ್ಲಿ ಮೊದಲೇ ಹಾರ್ಮೋನಿಕ್‌ಗಳಿವೆ. ಶುದ್ಧ ಸೈನ್ ಮೇಲೆ ಲೆಕ್ಕ ಹಾಕಿದರೆ ಎರಡನೇ ಹಾರ್ಮೋನಿಕ್ ಆಲ್ಫಾ 0.5ಕ್ಕೆ ಮೂಲದ ಸುಮಾರು 8.5 ಶೇಕಡಾ, 0.3ಕ್ಕೆ 5.5, 0.1ಕ್ಕೆ 2. ಹಾಗಾಗಿ ಕೊಳಲಿನಂಥ ಶುದ್ಧ ಸ್ವರಕ್ಕೆ 0.5 ಹಾಕಿದರೆ ಕರ್ಕಶ ಕೇಳಿಸುತ್ತದೆ. ಸಂಗೀತ ನುಡಿಸುವ ಸಾಧನಕ್ಕೆ ಇದು ಸಲ್ಲದು.

ಜೋಡಿಸುವಾಗ ಇವು ಕೈಕೊಡುತ್ತವೆ:

ರೆಫರೆನ್ಸ್ ತೆಗೆಯಬೇಕಾದ್ದು ಈ ಸಂಸ್ಕರಣೆ ಆದ ಮೇಲೆ. ಮೊದಲೇ ತೆಗೆದರೆ ಫಿಲ್ಟರಿಗೆ ಹಳೆಯ, ಸಹಸಂಬಂಧವುಳ್ಳ ಸಿಗ್ನಲ್ಲೇ ಕಾಣುತ್ತದೆ. ಮೇಲಾಗಿ ಸೇರಿಸಿದ ವಕ್ರತೆಯನ್ನು ರೇಖೀಯ ಫಿಲ್ಟರ್ ಎಂದೂ ಕಲಿಯಲಾರದು. ಎರಡು ಕಡೆಯಿಂದಲೂ ನಷ್ಟ.

ಅರ್ಧ ಅಲೆ ಎತ್ತಿದಾಗ ಡಿಸಿ (ಸೊನ್ನೆಯಿಂದ ಸರಿದ ಸ್ಥಿರ ಮಟ್ಟ) ಹುಟ್ಟುತ್ತದೆ. ಸ್ಪೀಕರಿಗೂ ರೆಫರೆನ್ಸಿಗೂ ಹೋಗುವ ಮುನ್ನ 50ರಿಂದ 80 ಹರ್ಟ್ಸ್‌ನ ಹೈಪಾಸ್ ಇಡಿ.

ಮಟ್ಟ ಏರುತ್ತದೆ. ಆಲ್ಫಾ 0.5 ಎಂದರೆ ಶಿಖರ 3.5 ಡಿಬಿ ಮೇಲೆ. ಮೊದಲೇ ಅಷ್ಟು ಇಳಿಸಿಕೊಳ್ಳದಿದ್ದರೆ ಲಿಮಿಟರ್ (ಶಿಖರಗಳನ್ನು ತಡೆಯುವ ಹಂತ) ಕಚ್ಚುತ್ತದೆ, ಲಿಮಿಟರ್ ರೆಫರೆನ್ಸಿನ ನಂತರ ಇದ್ದರೆ ಕಥೆ ಮುಗಿಯಿತು. ವಾಲ್ಯೂಮ್, ಈಕ್ವಲೈಸರ್, ಲಿಮಿಟರ್ ಎಲ್ಲವೂ ರೆಫರೆನ್ಸ್ ತೆಗೆಯುವ ಜಾಗಕ್ಕಿಂತ ಮೊದಲು ಬರಬೇಕು.

ಮಾರ್ದನಿ

ಅರ್ಧ ಅಲೆ ಹಾಕಿದರೆ ಅದೇ ಎನ್‌ಎಲ್‌ಎಂಎಸ್ ಸಾಕಾಗುತ್ತದೆಯೇ? ಸಿಮ್ಯುಲೇಶನ್‌ನಲ್ಲಿ ಆಲ್ಫಾ 0.5 ಇಟ್ಟರೂ ಮಿಸ್‌ಅಲೈನ್‌ಮೆಂಟ್ ಬಹಳ ನಿಧಾನವಾಗಿ ಇಳಿಯುತ್ತಿದೆ. ಇನ್ನೊಂದು: ನಾರ್ಮಲೈಸ್ ಮಾಡುವಾಗ ಪ್ರತಿ ಚಾನೆಲಿಗೆ ಅದರದ್ದೇ ಶಕ್ತಿಯಿಂದ ಭಾಗಿಸುತ್ತಿದ್ದೇವೆ.

ಕಿರುಹೆಜ್ಜೆ

ಎರಡನೆಯದನ್ನು ಮೊದಲು ತಿದ್ದಿ. ಎರರ್ ಒಂದೇ, ಅದನ್ನು ಎರಡು ಫಿಲ್ಟರ್ ಕೂಡಿ ತಿದ್ದುತ್ತಿವೆ. ಛೇದದಲ್ಲಿ ಎಡ ಮತ್ತು ಬಲದ ಶಕ್ತಿಗಳ ಮೊತ್ತ ಇರಬೇಕು, ಜೊತೆಗೆ ಛೇದ ಸೊನ್ನೆಯಾಗದಂತೆ ಸಣ್ಣ ಡೆಲ್ಟಾ. ಒಂದೊಂದನ್ನೂ ತನ್ನ ಶಕ್ತಿಯಿಂದಲೇ ಭಾಗಿಸಿದರೆ ಒಂದೇ ಎರರನ್ನು ಎರಡು ಬಾರಿ ತಿದ್ದಿದಂತಾಗಿ ಮ್ಯೂ 0.5 ಎಂಬುದು ನಿಜದಲ್ಲಿ 1.0 ಆಗುತ್ತದೆ. 1.0 ಇಟ್ಟರೆ 2.0 ಆಗಿ ಸ್ಥಿರತೆಯ ಅಂಚಿಗೆ ಬರುತ್ತದೆ.

ಇನ್ನು ನಿಧಾನದ ವಿಷಯ. ಎಡ, ಬಲ ಎಂದು ಯೋಚಿಸುವುದನ್ನು ಬಿಟ್ಟು ಮೊತ್ತ, ವ್ಯತ್ಯಾಸ ಎಂದು ಯೋಚಿಸಿ. ಎರಡೂ ಚಾನೆಲಿಗೆ ಒಂದೇ ಸಿಗ್ನಲ್ ಇದ್ದು ಅರ್ಧ ಅಲೆಯ ವಿಧಾನ ಹಾಕಿದರೆ, ಮೊತ್ತ ಮೂಲ ಸಿಗ್ನಲಿನ (2 + ಆಲ್ಫಾ) ಪಟ್ಟು, ವ್ಯತ್ಯಾಸ ಮೂಲದ ನಿರಪೇಕ್ಷ ಮೌಲ್ಯದ ಆಲ್ಫಾ ಪಟ್ಟು. ಎಡ–ಬಲದ ಪಾಲು ಹೇಳುವ ಮಾಹಿತಿ ಇರುವುದೆಲ್ಲ ಆ ವ್ಯತ್ಯಾಸದಲ್ಲಿ. ಗಾಸಿಯನ್ ಹಂಚಿಕೆಯ ಸಿಗ್ನಲ್ ಎಂದು ಹಿಡಿದು ಡಿಸಿ ತೆಗೆದರೆ, ಆಲ್ಫಾ 0.5ಕ್ಕೆ ಮೊತ್ತದ ಶಕ್ತಿ ವ್ಯತ್ಯಾಸದ ಶಕ್ತಿಯ ಸುಮಾರು 69 ಪಟ್ಟು, 0.3ಕ್ಕೆ ಸುಮಾರು 162 ಪಟ್ಟು. ಅನಂತದಿಂದ 69ಕ್ಕೆ ಇಳಿದದ್ದು ದೊಡ್ಡ ಗೆಲುವೇ. ಆದರೆ ಎನ್‌ಎಲ್‌ಎಂಎಸ್‌ಗೆ 69 ಎಂದರೂ ಭಾರ.

ಸಹಸಂಬಂಧವೇ ಇಲ್ಲದ ಬಿಳಿ ಶಬ್ದ, ಒಟ್ಟು 4096 ಟ್ಯಾಪ್, ಮ್ಯೂ 0.5, 16 ಕಿಲೋಹರ್ಟ್ಸ್: ಮಿಸ್‌ಅಲೈನ್‌ಮೆಂಟ್ 30 ಡಿಬಿ ಇಳಿಯಲು ಸುಮಾರು 2.4 ಸೆಕೆಂಡ್. ಮೇಲಿನ ಸ್ಥಿತಿಯಲ್ಲಿ ವ್ಯತ್ಯಾಸದ ದಿಕ್ಕು ಅದಕ್ಕಿಂತ 35 ಪಟ್ಟು ನಿಧಾನ, ಅಂದರೆ ಒಂದು ನಿಮಿಷ ಮೀರಿ. ಮಾತು ಬಿಳಿ ಶಬ್ದವಲ್ಲ, ಇನ್ನೂ ತಡವಾಗುತ್ತದೆ. ನೀವು ನೋಡುತ್ತಿರುವುದು ಇದನ್ನೇ.

ಆದ್ದರಿಂದ ಚಾನೆಲ್‌ಗಳ ನಡುವಿನ ಸಹಸಂಬಂಧವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವ ಅಲ್ಗಾರಿದಮ್ ಬೇಕು. ಆರ್‌ಎಲ್‌ಎಸ್ ಇದನ್ನು ಪೂರ್ತಿ ಮಾಡುತ್ತದೆ, ಆದರೆ ಸಾವಿರಾರು ಟ್ಯಾಪಿಗೆ ಅದರ ವೆಚ್ಚವೂ ಸಂಖ್ಯಾ ಅಸ್ಥಿರತೆಯೂ ತಡೆಯಲಾಗದು. 1984ರ ಒಜೆಕಿ–ಉಮೆದಾ ಅಫೈನ್ ಪ್ರೊಜೆಕ್ಷನ್ ನಡುದಾರಿ: ಆರ್ಡರ್ (ಒಮ್ಮೆಗೆ ಲೆಕ್ಕಕ್ಕೆ ತೆಗೆದುಕೊಳ್ಳುವ ಎರರ್‌ಗಳ ಎಣಿಕೆ) 2ರಿಂದ 8ರ ನಡುವೆ ಇಡಿ, ಒಳಗಿನ ಮ್ಯಾಟ್ರಿಕ್ಸಿಗೆ ರೆಗ್ಯುಲರೈಸೇಶನ್ (ವಿಲೋಮ ಸ್ಫೋಟಿಸದಂತೆ ಕರ್ಣಕ್ಕೆ ಸೇರಿಸುವ ಸಣ್ಣ ಮೊತ್ತ) ಕೊಡಿ. ಆರ್ಡರ್ ಏರಿದಷ್ಟೂ ಈ ಕಡೆಯ ಗದ್ದಲ ಫಿಲ್ಟರಿಗೆ ನುಗ್ಗುತ್ತದೆ.

ಈ ಕೆಲಸಕ್ಕೆ ಆವರ್ತನ ಕ್ಷೇತ್ರದ, ಭಾಗ ಮಾಡಿದ ಫಿಲ್ಟರನ್ನೇ ಆರಿಸುವುದು ಒಳ್ಳೆಯದು. ಬ್ಲಾಕ್ 256 ಸ್ಯಾಂಪಲ್, ಎಫ್‌ಎಫ್‌ಟಿ (ಸಿಗ್ನಲನ್ನು ಆವರ್ತನಗಳಾಗಿ ಬಿಡಿಸುವ ಲೆಕ್ಕ) 512, 2048 ಟ್ಯಾಪಿಗೆ 8 ಭಾಗ, ವಿಳಂಬ 16 ಮಿಲಿಸೆಕೆಂಡ್. 257 ಬಿನ್‌ಗಳಲ್ಲಿ (ಆವರ್ತನದ ಕಿರು ಪಟ್ಟಿಗಳಲ್ಲಿ) ಒಂದೊಂದಕ್ಕೂ 2 × 2 ಮ್ಯಾಟ್ರಿಕ್ಸ್: ಕರ್ಣದಲ್ಲಿ ಎಡ, ಬಲದ ಪವರ್ ಸ್ಪೆಕ್ಟ್ರಮ್, ಪಕ್ಕದಲ್ಲಿ ಕ್ರಾಸ್ ಸ್ಪೆಕ್ಟ್ರಮ್. ಇದರ ವಿಲೋಮದಿಂದ ಗ್ರೇಡಿಯೆಂಟನ್ನು ಗುಣಿಸಿದರೆ ವ್ಯತ್ಯಾಸದ ದಿಕ್ಕಿಗೂ ನ್ಯಾಯವಾದ ವೇಗ ಸಿಗುತ್ತದೆ.

ಇಲ್ಲಿ ಸುಲಭವಾಗಿ ಆಗುವ ತಪ್ಪೊಂದಿದೆ. ಕ್ರಾಸ್ ಸ್ಪೆಕ್ಟ್ರಮ್ ಅನ್ನು ಒಂದೇ ಬ್ಲಾಕಿನಿಂದ ಲೆಕ್ಕ ಹಾಕಿದರೆ ಕೊಹೆರೆನ್ಸ್ ಯಾವಾಗಲೂ ಸರಿಯಾಗಿ 1 ಬರುತ್ತದೆ, ಸಿಗ್ನಲ್ ಯಾವುದೇ ಇರಲಿ. ಡಿಟರ್ಮಿನೆಂಟ್ ಸೊನ್ನೆ, ವಿಲೋಮ ಸ್ಫೋಟ. ಹಲವು ಬ್ಲಾಕ್‌ಗಳ ಸರಾಸರಿ ಬೇಕೇ ಬೇಕು. 16 ಮಿಲಿಸೆಕೆಂಡಿನ ಬ್ಲಾಕಿಗೆ ಸರಾಸರಿಯ ಗುಣಾಂಕ 0.9 ಎಂದರೆ ನೆನಪು ಸುಮಾರು 160 ಮಿಲಿಸೆಕೆಂಡ್, ಅದು ಸಾಲದು. 0.97ರ ಆಸುಪಾಸು ಇಡಿ. ಜೊತೆಗೆ ಕ್ರಾಸ್ ಪದವನ್ನು 0.98ರಂಥ ಅಂಶದಿಂದ ಸ್ವಲ್ಪ ತಗ್ಗಿಸಿ, ಕರ್ಣಕ್ಕೆ ಸರಾಸರಿ ಶಕ್ತಿಯ ನೂರರ ಒಂದು ಭಾಗದಿಂದ ಸಾವಿರದ ಒಂದು ಭಾಗದಷ್ಟು ಸೇರಿಸಿ. ಕೊಹೆರೆನ್ಸ್ ವರ್ಗ 0.99 ಇರುವ ಬಿನ್‌ನಲ್ಲಿ ಡಿಟರ್ಮಿನೆಂಟ್ ನೂರು ಪಟ್ಟು ಕುಗ್ಗಿರುತ್ತದೆ, ಅಲ್ಲಿ ಈ ಕಡಿವಾಣ ಇಲ್ಲದಿದ್ದರೆ ಗದ್ದಲ ಅಷ್ಟೇ ಪಟ್ಟು ಹಿಗ್ಗುತ್ತದೆ.

ಲೆಕ್ಕದ ಹೊರೆಯಲ್ಲೂ ಇದೇ ಲಾಭ. 4096 ಟ್ಯಾಪಿನ ಎರಡು ಫಿಲ್ಟರನ್ನು ಸಮಯ ಕ್ಷೇತ್ರದಲ್ಲಿ ಓಡಿಸಲು ಸ್ಯಾಂಪಲಿಗೆ 16,384 ಗುಣಾಕಾರ–ಸಂಕಲನ, ಸೆಕೆಂಡಿಗೆ 26 ಕೋಟಿ, ಅದೂ ಒಂದೇ ಮೈಕ್‌ಗೆ. ಆವರ್ತನ ಕ್ಷೇತ್ರದಲ್ಲಿ ಎಡ, ಬಲದ ಎಫ್‌ಎಫ್‌ಟಿಯನ್ನೂ ಆ 2 × 2 ವಿಲೋಮವನ್ನೂ ಒಮ್ಮೆ ಮಾಡಿ ಎರಡೂ ಮೈಕ್‌ಗೆ ಹಂಚಿಕೊಳ್ಳಬಹುದು.

ದಶಾಂಶ

ಗ್ರೇಡಿಯೆಂಟ್ ಕನ್‌ಸ್ಟ್ರೇಂಟ್ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ತಿದ್ದುಪಡಿಯನ್ನು ಸಮಯ ಕ್ಷೇತ್ರಕ್ಕೆ ತಂದು, ಹಿಂದಿನ ಅರ್ಧವನ್ನು ಸೊನ್ನೆ ಮಾಡಿ, ಮತ್ತೆ ಎಫ್‌ಎಫ್‌ಟಿ ಮಾಡುವ ಹಂತ ಅದು. ಸಮಯ ಉಳಿಸಲು ಬಿಟ್ಟುಬಿಡುವವರಿದ್ದಾರೆ. ಮಾನೋದಲ್ಲಿ ಸ್ವಲ್ಪ ನಷ್ಟದೊಂದಿಗೆ ನಡೆದೀತು, ಸ್ಟೀರಿಯೊದಲ್ಲಿ ಸುತ್ತಿಬರುವ ಆ ತಪ್ಪು ವ್ಯತ್ಯಾಸದ ದುರ್ಬಲ ದಿಕ್ಕನ್ನೇ ಕೆಡಿಸುತ್ತದೆ. ಹೊರೆ ಜಾಸ್ತಿಯಾದರೆ ಪ್ರತಿ ಬ್ಲಾಕಿಗೆ ಒಂದೊಂದು ಭಾಗದಂತೆ ಸರದಿಯಲ್ಲಿ ಮಾಡಿ, ಪೂರ್ತಿ ಕೈಬಿಡಬೇಡಿ.

ಉದ್ದದ ಆಯ್ಕೆಗೆ: ಆರ್‌ಟಿ60 (ಶಬ್ದ 60 ಡಿಬಿ ಇಳಿಯಲು ಬೇಕಾದ ಸಮಯ) 0.4 ಸೆಕೆಂಡ್ ಇರುವ ಕೋಣೆಯಲ್ಲಿ ಶಬ್ದ ಸೆಕೆಂಡಿಗೆ 150 ಡಿಬಿ ದರದಲ್ಲಿ ಇಳಿಯುತ್ತದೆ. 128 ಮಿಲಿಸೆಕೆಂಡಿಗೆ ಬಾಲ ಸುಮಾರು 19 ಡಿಬಿ ಕೆಳಗೆ, 256ಕ್ಕೆ 38. ಸ್ಪೀಕರಿನ ನೇರ ಶಬ್ದ ಬಲವಾಗಿರುವುದರಿಂದ ವಾಸ್ತವ ಇದಕ್ಕಿಂತ ಸ್ವಲ್ಪ ಚೆನ್ನಾಗಿರುತ್ತದೆ. ರೇಖೀಯ ಹಂತದಿಂದ 25 ಡಿಬಿ ಬೇಕಿದ್ದರೆ 200 ಮಿಲಿಸೆಕೆಂಡಿನ ಹತ್ತಿರ ಸಾಕು. ಸ್ಪೀಕರಿನ ಹಾರ್ಮೋನಿಕ್ ವಿಕೃತಿ 5 ಶೇಕಡಾ ಇದ್ದರೆ ಹೇಗೂ 26 ಡಿಬಿಗಿಂತ ಮೇಲೆ ಹೋಗಲಾಗದು. ಅಂಥ ಸ್ಪೀಕರಿಗೆ ಉದ್ದದ ಫಿಲ್ಟರ್ ಹಾಕುವುದು ವ್ಯರ್ಥ ಶ್ರಮ.

ಮಾರ್ದನಿ

ಎರಡೂ ಕಡೆಯವರು ಒಟ್ಟಿಗೆ ಮಾತಾಡಿದಾಗ? ಈಗ ಗೈಗೆಲ್ ಡಿಟೆಕ್ಟರ್ (ಮೈಕ್ ಮಟ್ಟವನ್ನು ರೆಫರೆನ್ಸಿನ ಶಿಖರಕ್ಕೆ ಹೋಲಿಸಿ ಈ ಕಡೆಯ ಮಾತು ಗುರುತಿಸುವುದು) ಇದೆ, ಮಿತಿ 0.5. ಅದು ಸುಮ್ಮಸುಮ್ಮನೆ ಎಚ್ಚರಗೊಂಡು ಕಲಿಕೆ ನಿಲ್ಲಿಸಿಬಿಡುತ್ತದೆ.

ಕಿರುಹೆಜ್ಜೆ

ಗೈಗೆಲ್ ಹುಟ್ಟಿದ್ದು ದೂರವಾಣಿ ಲೈನಿಗೆ. ಅಲ್ಲಿ ಹೈಬ್ರಿಡ್ (ಎರಡು ತಂತಿಯ ಲೈನನ್ನು ನಾಲ್ಕು ತಂತಿಗೆ ಜೋಡಿಸುವ ಭಾಗ) ಕನಿಷ್ಠ 6 ಡಿಬಿ ನಷ್ಟ ಕೊಡುತ್ತದೆ ಎಂಬ ನಂಬಿಕೆಯೇ ಆ 0.5. ಕೋಣೆಯಲ್ಲಿ ಸ್ಪೀಕರ್ ಮೈಕ್‌ಗೆ ಹತ್ತಿರವಿದ್ದು ಮೈಕ್ ಗೇನ್ ಏರಿಸಿದ್ದರೆ ಎಕೋ ರೆಫರೆನ್ಸಿಗಿಂತ ಜೋರಾಗಿಯೇ ಬರಬಹುದು. ಅದನ್ನು ತೆಗೆದುಹಾಕಿ.

ಎರಡು ಫಿಲ್ಟರಿನ ರಚನೆ 1977ರಿಂದಲೂ ಇದೆ: ಹಿಂದಿನದು ಸದಾ ಕಲಿಯುತ್ತದೆ, ಮುಂದಿನದು ಔಟ್‌ಪುಟ್ ಕೊಡುತ್ತದೆ, ಹಿಂದಿನದರ ಎರರ್ ಸತತವಾಗಿ ಕಡಿಮೆಯಿದ್ದರೆ ಮುಂದಕ್ಕೆ ನಕಲು. ಮಾನೋಗೆ ಗಟ್ಟಿ. ಸ್ಟೀರಿಯೊದಲ್ಲಿ ಒಂದು ಅಪಾಯ: ನಕಲಿನ ತೀರ್ಮಾನ ಎರರ್ ನೋಡಿ ಆಗುವುದರಿಂದ, ದಶಾಂಶ ತೋರಿಸಿದ ಸುಳ್ಳು ಉತ್ತರವೂ ಪಾಸಾಗಿ ಮುಂದೆ ಹೋಗುತ್ತದೆ. ಡಿಕೊರಿಲೇಶನ್ (ಚಾನೆಲ್‌ಗಳ ನಂಟು ಮುರಿಯುವುದು) ಸರಿಯಾಗಿದ್ದಾಗ ಮಾತ್ರ ಇದನ್ನು ನಂಬಿ.

ಹೊಸದಾಗಿ ಬರೆಯುವುದಾದರೆ ಆವರ್ತನ ಕ್ಷೇತ್ರದ ಕಾಲ್ಮನ್ ಫಿಲ್ಟರ್ ಬರೆಯಿರಿ. ಎನ್ಸ್‌ನರ್ ಮತ್ತು ವಾರಿ 2006ರಲ್ಲಿ ಕೊಟ್ಟ ರೂಪ. ಪ್ರತಿ ಬಿನ್‌ನಲ್ಲಿ ಫಿಲ್ಟರಿನ ಅನಿಶ್ಚಿತತೆ ಎಷ್ಟು, ಈ ಕಡೆಯ ಮಾತು ಮತ್ತು ಗದ್ದಲ ಎಷ್ಟು ಎಂಬ ಎರಡು ಅಂದಾಜು ಇಟ್ಟುಕೊಂಡು ಹೆಜ್ಜೆಯ ಗಾತ್ರ ತಾನೇ ನಿರ್ಧರಿಸುತ್ತದೆ. ಈ ಕಡೆಯವರು ಮಾತಾಡಿದರೆ ಆ ಬಿನ್‌ಗಳಲ್ಲಿ ಮಾತ್ರ ಹೆಜ್ಜೆ ಕುಗ್ಗುತ್ತದೆ. ಹೌದು–ಅಲ್ಲ ಎಂಬ ಡಿಟೆಕ್ಟರ್ ಬೇಡ. ಸ್ಟೀರಿಯೊಗೆ ಬರೆಯುವಾಗ ಎಡ–ಬಲ ಫಿಲ್ಟರ್‌ಗಳ ನಡುವಿನ ಕೊವೇರಿಯೆನ್ಸ್ ಪದವನ್ನೂ ಇಟ್ಟುಕೊಳ್ಳಬೇಕು. ಅದನ್ನು ಸೊನ್ನೆ ಎಂದುಬಿಟ್ಟರೆ ಮತ್ತೆ ಎನ್‌ಎಲ್‌ಎಂಎಸ್‌ನ ನಿಧಾನಕ್ಕೇ ಮರಳುತ್ತೀರಿ.

ಒಳಕಿವಿ

ಸಂಗೀತದ ವಿಷಯ ಯಾರೂ ಎತ್ತಿಲ್ಲ. ಸ್ಟೀರಿಯೊ ಸ್ಪೀಕರಿನಲ್ಲಿ ಹಾಡು ಬರುವಾಗಲೂ ಧ್ವನಿ ಆದೇಶ ಕೇಳಬೇಕಾದ ಸಾಧನಗಳಿಗೆ ಇದೇ ಮುಖ್ಯ.

ಅಗಲವಾಗಿ ಮಿಕ್ಸ್ ಆದ ಸಂಗೀತ ಮಾತಿಗಿಂತ ಸುಲಭ. ಬೇರೆಬೇರೆ ವಾದ್ಯ ಬೇರೆಬೇರೆ ಜಾಗದಲ್ಲಿದ್ದು ಚಾನೆಲ್‌ಗಳು ತಾವಾಗಿಯೇ ಬೇರೆ. ಆದರೆ ಬೇಸ್ ಮತ್ತು ಮುಖ್ಯ ಗಾಯನವನ್ನು ಸಾಮಾನ್ಯವಾಗಿ ನಟ್ಟನಡುವೆ ಇಡುತ್ತಾರೆ. ಕೆಳಗಿನ ಬಿನ್‌ಗಳಲ್ಲಿ ಕೊಹೆರೆನ್ಸ್ 1ಕ್ಕೆ ಅಂಟಿಕೊಂಡಿರುತ್ತದೆ, ಮೇಲೆ ಕಡಿಮೆ. ಹೀಗಾಗಿ ರೆಗ್ಯುಲರೈಸೇಶನ್ ಎಲ್ಲ ಬಿನ್‌ಗೂ ಒಂದೇ ಇಡಬೇಡಿ, ಕೊಹೆರೆನ್ಸ್ ನೋಡಿ ಬಿನ್‌ವಾರು ಹೆಚ್ಚಿಸಿ. ಬೇಸ್ ಪೂರ್ತಿ ಮಾನೋ ಎಂದು ಖಚಿತವಿದ್ದರೆ ಆ ಪಟ್ಟಿಗೆ ಒಂದೇ ರೆಫರೆನ್ಸ್ ಇಟ್ಟು, ಮೇಲಿನ ಪಟ್ಟಿಗೆ ಮಾತ್ರ ಎರಡು ಇಡುವುದೂ ಸರಿಯಾದ ದಾರಿ.

ಡಿಕೊರಿಲೇಶನ್‌ಗೆ ಇಲ್ಲಿ ಅರ್ಧ ಅಲೆ ಬೇಡ, ಸಬ್‌ಬ್ಯಾಂಡ್ ಫೇಸ್ ಮಾಡ್ಯುಲೇಶನ್ ಬಳಸಿ. ಎರಡು ಚಾನೆಲ್‌ಗಳ ಫೇಸನ್ನು ವಿರುದ್ಧ ದಿಕ್ಕಿಗೆ, ಸೆಕೆಂಡಿಗೆ ಒಂದು ಸುತ್ತಿಗಿಂತಲೂ ನಿಧಾನವಾಗಿ ತೂಗಿಸುವುದು. ಕಿವಿ ದಿಕ್ಕು ಗುರುತಿಸಲು ಫೇಸನ್ನು ನೆಚ್ಚುವುದು ಸುಮಾರು 1.5 ಕಿಲೋಹರ್ಟ್ಸ್ ಒಳಗೆ. ಅದಕ್ಕೆ ಅಲ್ಲಿ ತೂಗು ಬಹಳ ಚಿಕ್ಕದು, ಮೇಲೆ ಹೋದಂತೆ ಹೆಚ್ಚು. ಕೆಳಗೂ ಅಷ್ಟೇ ಕೊಟ್ಟರೆ ನಡುವೆ ನಿಂತ ಗಾಯಕರು ಎಡಬಲಕ್ಕೆ ತೇಲಿದಂತೆ ಕೇಳಿಸುತ್ತದೆ. ತೂಗು ವೇಗವಾದರೆ ಫಿಲ್ಟರಿನ ಉದ್ದದೊಳಗೇ ಫೇಸ್ ಬದಲಾಗುತ್ತದೆ. ರೆಫರೆನ್ಸನ್ನು ಈ ತೂಗು ಆದ ಮೇಲೆ ತೆಗೆದಿದ್ದರೆ ಅದು ರದ್ದತಿಗೆ ಅಡ್ಡಿಯಲ್ಲ, ಆದರೆ ಕಿವಿಗೆ ಕಂಪನವಾಗಿ ಸಿಗುತ್ತದೆ.

ಗಡಿಯಾರಮುಳ್ಳು

ಮೈಕ್ ಕಡೆಯದನ್ನೂ ಸರಿಮಾಡಿಕೊಳ್ಳಿ. ಕ್ಯಾನ್ಸಲರಿಗಿಂತ ಮೊದಲು ಎಜಿಸಿ (ಗೇನನ್ನು ತಾನಾಗಿ ಹೊಂದಿಸುವ ಹಂತ) ಇದ್ದರೆ ಗೇನ್ ಬದಲಾದಂತೆಲ್ಲ ಎಕೋ ದಾರಿಯೇ ಬದಲಾಗುತ್ತದೆ. ಆಪರೇಟಿಂಗ್ ಸಿಸ್ಟಂ ತಾನಾಗಿ ಸೇರಿಸುವ ಶಬ್ದ ಸುಧಾರಣೆಗಳನ್ನು ಆಫ್ ಮಾಡಿ, ಎಜಿಸಿಯನ್ನು ಕೊನೆಗೆ ಇಡಿ. ಎಡಿಸಿ (ಮೈಕ್ ಸಿಗ್ನಲನ್ನು ಡಿಜಿಟಲ್ ಮಾಡುವ ಭಾಗ) ಕ್ಲಿಪ್ ಆದ ಬ್ಲಾಕಿನಲ್ಲಿ ಕಲಿಕೆ ನಿಲ್ಲಿಸಿ. ಸ್ಪೀಕರ್ ಪೂರ್ಣ ವಾಲ್ಯೂಮಿನಲ್ಲಿರುವಾಗ ಮೈಕ್ ಶಿಖರ −6 ಡಿಬಿ ಮೀರದಂತೆ ಗೇನ್ ಹೊಂದಿಸಿ.

ವಿಳಂಬ ಹೊಂದಿಸುವಾಗ ಅಂದಾಜಿಸಿದ್ದಕ್ಕಿಂತ 2ರಿಂದ 5 ಮಿಲಿಸೆಕೆಂಡ್ ಕಡಿಮೆಯೇ ಹಾಕಿ. ಅಂದಾಜು ಸ್ವಲ್ಪ ಹೆಚ್ಚಾಗಿ ಎಕೋ ರೆಫರೆನ್ಸಿಗಿಂತ ಮೊದಲೇ ಬಂದಂತಾದರೆ ಆ ಭಾಗವನ್ನು ಯಾವ ಟ್ಯಾಪೂ ಹಿಡಿಯಲಾರದು. ಎಡ, ಬಲಕ್ಕೆ ಬೇರೆಬೇರೆ ವಿಳಂಬ ಹಾಕಬೇಡಿ. ಹತ್ತಿರದ ಸ್ಪೀಕರಿಗೆ ಹೊಂದುವ ಒಂದೇ ವಿಳಂಬ ಇಟ್ಟು ಉಳಿದದ್ದನ್ನು ಫಿಲ್ಟರಿಗೆ ಬಿಡಿ. ಗಾಳಿಯಲ್ಲಿ 1 ಮೀಟರ್ ಎಂದರೆ 2.9 ಮಿಲಿಸೆಕೆಂಡ್, 16 ಕಿಲೋಹರ್ಟ್ಸ್‌ನಲ್ಲಿ 47 ಸ್ಯಾಂಪಲ್ ಅಷ್ಟೇ.

ಮಾರ್ದನಿ

ಕೊನೆಯ ಪ್ರಶ್ನೆ. ಉಳಿದ ಎಕೋಗೆ ಸಪ್ರೆಸರ್ ಇಡುತ್ತಿದ್ದೇವೆ, ಮೈಕ್‌ಗೊಂದರಂತೆ ಎರಡು. ಔಟ್‌ಪುಟನ್ನು ಸ್ಟೀರಿಯೊ ಆಗಿಯೇ ಕಳುಹಿಸುತ್ತೇವೆ. ಸಪ್ರೆಸರ್ ಕೆಲಸ ಮಾಡುವಾಗ ಈ ಕಡೆ ಮಾತಾಡುವವರ ಜಾಗ ಅಲ್ಲಾಡುತ್ತದೆ ಎಂದು ಆ ಕಡೆಯವರ ದೂರು.

ಒಳಕಿವಿ

ಎರಡು ಸಪ್ರೆಸರ್ ತಮ್ಮತಮ್ಮ ಲೆಕ್ಕದಲ್ಲಿ ಬೇರೆಬೇರೆ ಗೇನ್ ಕೊಡುತ್ತಿವೆ. ಎಡ–ಬಲದ ಮಟ್ಟದ ವ್ಯತ್ಯಾಸವೇ ಕಿವಿಗೆ ಜಾಗದ ಗುರುತು, ಅದನ್ನು ಬಿನ್‌ವಾರು ಬದಲಿಸಿದರೆ ಮನುಷ್ಯ ಚದುರಿಹೋಗುತ್ತಾನೆ. ಪ್ರತಿ ಬಿನ್‌ನಲ್ಲಿ ಎರಡೂ ಮೈಕ್‌ಗಳ ಗೇನ್ ಲೆಕ್ಕ ಹಾಕಿ, ಚಿಕ್ಕದನ್ನು ಎರಡಕ್ಕೂ ಹಾಕಿ. ಎಕೋ ಸ್ವಲ್ಪವೂ ಉಳಿಯಬಾರದು ಎಂಬ ಹಟವಿಲ್ಲದಿದ್ದರೆ ಎರಡರ ಸರಾಸರಿ ಹಾಕಿದರೂ ಸರಿ, ಮಾತು ಆಗ ಕಡಿಮೆ ಕತ್ತರಿಸುತ್ತದೆ. ಕಂಫರ್ಟ್ ನಾಯ್ಸ್ (ಕತ್ತರಿಸಿದ ಜಾಗ ತುಂಬುವ ಕೃತಕ ಗದ್ದಲ) ಇದ್ದರೆ ಒಂದೇ ಶಬ್ದವನ್ನು ಎರಡೂ ಚಾನೆಲಿಗೆ ಸುರಿಯಬೇಡಿ. ಕೋಣೆಯ ಹಿನ್ನೆಲೆ ಗದ್ದಲ ಸುತ್ತಲೂ ಹರಡಿರುತ್ತದೆ, ಇದು ನಟ್ಟನಡುವೆ ಬಿಂದುವಾಗಿ ಕೇಳಿಸುತ್ತದೆ. ಚಾನೆಲಿಗೊಂದು ಸ್ವತಂತ್ರ ರ‍್ಯಾಂಡಮ್ ಜನರೇಟರ್ ಇಟ್ಟು, ಮಟ್ಟವನ್ನು ಆಯಾ ಮೈಕ್‌ನ ಗದ್ದಲದ ಅಂದಾಜಿಗೆ ಹೊಂದಿಸಿ.